ಕ್ರೂಗರ್ ಉದ್ಯಾನದ ವಸತಿ ಶಿಬಿರಗಳು

ದಕ್ಷಿಣ ಆಫ್ರಿಕದ ಈಶಾನ್ಯದಲ್ಲಿರುವ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಪ್ರವಾಸಿಗರು ತಂಗುವ ನೆಲೆಗಳು. 1926ರಲ್ಲಿ ಸ್ಥಾಪನೆಯಾದ, ಸುಮಾರು 19,500 ಚ.ಕಿ.ಮೀ. ವಿಸ್ತಾರದ ಈ ಉದ್ಯಾನ 1927ರಲ್ಲಿ ಪ್ರವಾಸಿಗರಿಗೆ ತೆರೆಯಿತು.

ಮುಖ್ಯ ಶಿಬಿರಗಳನ್ನು ರಾಷ್ಟ್ರೀಯ ಉದ್ಯಾನಗಳ ಸರ್ಕಾರಿ ಸಂಸ್ಥೆಯೇ ನಡೆಸುತ್ತದೆ. ಸಾಬಿ ನದಿಯ ದಡದ ಸ್ಕುಕುಜಾ ಇವುಗಳಲ್ಲಿ ದೊಡ್ಡದು, ಉದ್ಯಾನದ ಆಡಳಿತ ಕೇಂದ್ರವೂ ಹೌದು. ಪ್ರಿಟೋರಿಯಸ್‌ಕಾಪ್ ಅತ್ಯಂತ ಹಳೆಯದು. ಲೆಟಾಬಾದಲ್ಲಿ ಆನೆಗಳ ವಸ್ತುಸಂಗ್ರಹಾಲಯವಿದೆ. ಆಲಿಫಂಟ್ಸ್ ಶಿಬಿರ ನದಿಯ ಮೇಲಿನ ಕಡಿದಾದ ದಿಬ್ಬದ ಮೇಲಿದೆ. ಹುಲ್ಲು ಹೊದಿಸಿದ ದುಂಡನೆಯ ಕುಟೀರ, ಸ್ವಂತ ಅಡುಗೆಗೆ ಅನುಕೂಲ, ಅಂಗಡಿ, ಪೆಟ್ರೋಲ್ ಬಂಕ್ ಈ ಶಿಬಿರಗಳ ಸಾಮಾನ್ಯ ಲಕ್ಷಣ. ಶಿಬಿರದ ಸುತ್ತ ಬೇಲಿ ಇರುತ್ತದೆ. ಗೇಟಿನ ಸಮಯ ಋತುವಿಗೆ ತಕ್ಕಂತೆ ಬದಲಾಗುತ್ತದೆ. ಸಂಜೆ ಗೇಟು ಮುಚ್ಚುವುದರೊಳಗೆ ಸ್ವಂತ ವಾಹನದವರು ಮರಳಲೇಬೇಕು. ಡಾಂಬರು ರಸ್ತೆಯಲ್ಲಿ ವೇಗಮಿತಿ ಗಂಟೆಗೆ 50 ಕಿ.ಮೀ.

ಉದ್ಯಾನದೊಳಗೆ ಗುತ್ತಿಗೆಗೆ ಕೊಟ್ಟ ವಲಯಗಳಲ್ಲಿ ಖಾಸಗಿ ಐಷಾರಾಮಿ ಲಾಡ್ಜ್‌ಗಳಿವೆ. ಅಲ್ಲಿ ಮಾರ್ಗದರ್ಶಕರೇ ತೆರೆದ ಜೀಪಿನಲ್ಲಿ ಸಫಾರಿಗೆ ಕರೆದೊಯ್ಯುತ್ತಾರೆ.

ಇಂಥ ಲಾಡ್ಜ್‌ಗಳು ಸ್ಥಳೀಯ ಸಮುದಾಯದ ಭೂಮಿಯಲ್ಲೂ ಇವೆ. ವರ್ಣಭೇದ ನೀತಿಯ ಆಡಳಿತ 1969ರಲ್ಲಿ ಉದ್ಯಾನದ ಉತ್ತರ ಭಾಗದ ಪಫೂರಿಯಿಂದ ಮಕುಲೆಕೆ ಸಮುದಾಯವನ್ನು ಬಲವಂತವಾಗಿ ಎತ್ತಂಗಡಿ ಮಾಡಿತು. 1998ರಲ್ಲಿ ಭೂಮಿಯ ಒಡೆತನ ಮರಳಿ ಪಡೆದ ಸಮುದಾಯ ಅದನ್ನು ಸಂರಕ್ಷಣೆಗೇ ಉಳಿಸಿ, ಅಲ್ಲಿನ ಲಾಡ್ಜ್‌ಗಳ ಆದಾಯದಲ್ಲಿ ಪಾಲು ಪಡೆಯುತ್ತಿದೆ. ನ್ಯಾಯವೂ ವನ್ಯರಕ್ಷಣೆಯೂ ಜೊತೆಗೂಡಿದ ಮಹತ್ವದ ಮಾದರಿ ಇದು.