ಬೇಗೂರಿನ ಕಲ್ಲುಗಳು

ಬೆಂಗಳೂರಿನಿಂದ ಹೊಸೂರಿನ ಹೆದ್ದಾರಿಯನ್ನು ಹಿಡಿದು, ಬೊಮ್ಮನಹಳ್ಳಿಯಲ್ಲಿ ಬಲಕ್ಕೆ ತಿರುಗಿದರೆ ಬೇಗೂರನ್ನು ಸೇರುತ್ತೇವೆ. ನಗರದ ಮಧ್ಯದಿಂದ ಸುಮಾರು ಎಂಟು ಮೈಲಿಗಳ ದೂರ. ಹಳ್ಳಿಯೆಂಬ ಹೆಸರು ಈಗ ಅದಕ್ಕೆ ಒಪ್ಪುವಂತಿಲ್ಲ. ಮಹಡಿಯ ಮನೆಗಳ ಸಾಲು ಅದನ್ನು ಸುತ್ತುಗಟ್ಟಿದೆ. ಆದರೆ ನಗರವು ಅದನ್ನು ಹುಡುಕಿಕೊಂಡು ಬರುವುದಕ್ಕೆ ಸಾವಿರ ವರ್ಷಗಳ ಮೊದಲೇ ಅದು ಒಂದು ಸಣ್ಣ ನಾಡಿನ ತಲೆಯೂರಾಗಿದ್ದಿತು.

ಇಲ್ಲಿ ನದಿಯಿಲ್ಲ. ಪ್ರಸ್ಥಭೂಮಿಯ ಕೆಮ್ಮಣ್ಣು, ನಡುನಡುವೆ ಹೆಬ್ಬಂಡೆ, ಮೂಡಣ ದಿಕ್ಕಿನಲ್ಲಿ ದಕ್ಷಿಣ ಪಿನಾಕಿನಿಯ ಕಡೆಗೆ ಇಳಿಯುವ ತಗ್ಗುಗಳು, ಇಷ್ಟೇ ಇಲ್ಲಿನ ಭೂಗೋಳ. ಆ ತಗ್ಗುಗಳಿಗೆ ಏರಿ ಹಾಕಿ ಮಳೆಯ ನೀರನ್ನು ತಡೆದಲ್ಲದೆ ಬತ್ತವಿಲ್ಲ. ಬತ್ತವಿಲ್ಲದೆ ದೇವಾಲಯಕ್ಕೆ ದತ್ತಿಯೆಲ್ಲಿಂದ? ಬೇಗೂರಿನ ಕೆರೆಯನ್ನೂ ನಾಗೇಶ್ವರನ ಗುಡಿಯನ್ನೂ ನಾವು ಒಂದೇ ನೋಟದಲ್ಲಿ ನೋಡಬೇಕು.

ಗಂಗರ ದೊರೆ ಎರೆಯಪ್ಪನ ಕಾಲದಲ್ಲಿ ಊರಿನ ಹೆಸರು ಬೆಂಪೂರು. ಅಯ್ಯಪದೇವನಿಗೆ ನೆರವಾಗಲು ಎರೆಯಪ್ಪನು ನಾಗತ್ತರನೆಂಬ ನಾಯಕನನ್ನು ವೀರಮಹೇಂದ್ರನ ಮೇಲೆ ಕಳುಹಿದನು. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರನು ಆನೆಗಳೊಡನೆ ಹೋರಿ ಮಡಿದನು. ದೊರೆಯು ಇರುಗನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಇದಿಷ್ಟನ್ನೂ ಹೇಳುವ ವೀರಗಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಆನೆ, ಕುದುರೆ, ಬಿದ್ದ ಭಟರು ಅದರ ಮೇಲೆ ಎಷ್ಟು ಒತ್ತೊತ್ತಾಗಿ ಮೂಡಿದ್ದಾರೆಂದರೆ, ಕಂಡರಿಸಿದ ಶಿಲ್ಪಿಯು ಯುದ್ಧವನ್ನು ಕಣ್ಣಾರೆ ಕಂಡವನೇ ಇರಬೇಕೆಂದು ನಮಗೆ ತೋರುತ್ತದೆ.

ಇದಕ್ಕಿಂತ ಬಹಳ ಸಾಮಾನ್ಯವಾದ ಇನ್ನೊಂದು ಕಲ್ಲು ಗುಡಿಯ ಆವರಣದಲ್ಲಿಯೇ ಉಳಿಯಿತು. ಕ್ರಿ. ಶ. 890ರ ಸುಮಾರಿನದು. ನಾಗತ್ತರನ ಮನೆಗೆ ಸೇರಿದವರು "ಬೆಂಗಳೂರ ಕಾಳಗ"ದಲ್ಲಿ ಸತ್ತರೆಂದು ಅದು ಹೇಳುತ್ತದೆ. ನಾವು ಬಲ್ಲ ಮಟ್ಟಿಗೆ ಬೆಂಗಳೂರೆಂಬ ಹೆಸರನ್ನು ಬರೆದಿರುವ ಅತ್ಯಂತ ಹಳೆಯ ಶಾಸನವಿದೇ. ಹೊಯ್ಸಳ ಬಲ್ಲಾಳನು ಮುದುಕಿಯೊಬ್ಬಳ ಮನೆಯಲ್ಲಿ ಬೆಂದಕಾಳು ತಿಂದು ಊರಿಗೆ ಹೆಸರಿಟ್ಟನೆಂಬ ಕಥೆಯನ್ನು ನಾವೆಲ್ಲರೂ ಬಾಲ್ಯದಲ್ಲಿ ಕೇಳಿದವರೇ. ಕಥೆ ರುಚಿಯಾದದ್ದು, ನಿಜ. ಆದರೆ ಬಲ್ಲಾಳನು ಹುಟ್ಟುವುದಕ್ಕೆ ಎರಡು ಶತಮಾನಗಳಿಗೂ ಹಿಂದೆಯೇ ಈ ಹೆಸರಿನ ಊರಿಗಾಗಿ ಜನ ಪ್ರಾಣ ಕೊಟ್ಟಿದ್ದರು. 1537ರಲ್ಲಿ ಕೆಂಪೇಗೌಡರು ಕೋಟೆ ಕಟ್ಟಿದುದು ಹೊಸ ಪೇಟೆಗೆ; ಹೆಸರು ಮಾತ್ರ ಹಳೆಯದು.

1004ರ ಸುಮಾರಿಗೆ ತಲಕಾಡು ಚೋಳರ ವಶವಾಯಿತು. ಗುಡಿಯ ಆವರಣದಲ್ಲಿರುವ ಚೋಳೇಶ್ವರನ ಹೆಸರು ಆ ಬದಲಾವಣೆಯ ಗುರುತು.

2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ರಚಿತವಾದ ಮೇಲೆ ಬೇಗೂರು ಅದರ ಒಂದು ವಾರ್ಡಾಯಿತು. ಹನ್ನೆರಡು ಹಳ್ಳಿಗಳ ತಲೆಯೂರು, ತಾನು ಹೆಸರನ್ನು ಕಾದಿಟ್ಟ ನಗರದ ಒಂದು ಮೂಲೆಯಾಯಿತು. ಅಳಿದುಳಿದ ಕಲ್ಲುಗಳ ಪಾಡು ನಮ್ಮನ್ನು ಕಳವಳಗೊಳಿಸುತ್ತದೆ. ಗುಡಿಯೊಳಗಿನ ಕಲ್ಲಿಗೆ ದೇವರ ರಕ್ಷೆಯುಂಟು; ಹೊಲದ ಬದುವಿನಲ್ಲಿ ನಿಂತ ಕಲ್ಲಿಗೆ ಯಾರು ದಿಕ್ಕು? 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಗಾಗಿ ನೆಲವನ್ನು ತೋಡಿದಾಗ, ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲು ಹೊರಬಿದ್ದಿತು. ಬೇಗೂರಿನ ಶಾಸನಕ್ಕಿಂತಲೂ ನೂರು ವರ್ಷಕ್ಕೆ ಮಿಗಿಲಾಗಿ ಹಳೆಯದು. ಅಕ್ಷರಬಲ್ಲವರ ಕಣ್ಣಿಗೆ ಬಿದ್ದುದರಿಂದ ಅದು ಉಳಿದುಕೊಂಡಿತು.