ಪೂರ್ವ ದೃಢೀಕರಣ: ಸಂಪರ್ಕಕ್ಕೆ ಮುನ್ನವೇ ಗುರುತಿನ ಪರೀಕ್ಷೆ

ಕಚೇರಿ, ಆಸ್ಪತ್ರೆ, ವಿಶ್ವವಿದ್ಯಾಲಯಗಳ ಸುರಕ್ಷಿತ ವೈ-ಫೈ ಜಾಲಕ್ಕೆ ಸೇರುವ ಪ್ರತಿಯೊಂದು ಸಾಧನವೂ ತನ್ನ ಗುರುತನ್ನು ಸಾಬೀತುಪಡಿಸಬೇಕು. ಇದೇ ದೃಢೀಕರಣ. ಇದರಲ್ಲಿ ಸಾಮಾನ್ಯ ಮತ್ತು ಪೂರ್ವ ಎಂಬ ಎರಡು ಬಗೆಗಳಿವೆ. ಪರೀಕ್ಷೆಯ ಕಟ್ಟುನಿಟ್ಟು ಎರಡರಲ್ಲೂ ಒಂದೇ. ಅದು ನಡೆಯುವ ಸಮಯ ಮತ್ತು ಸಾಗುವ ದಾರಿ ಮಾತ್ರ ಬೇರೆ.

ಸಾಮಾನ್ಯ ದೃಢೀಕರಣ

ಸಾಧನವು ಮೊದಲು ಆಕ್ಸೆಸ್ ಪಾಯಿಂಟ್‌ನೊಂದಿಗೆ ಸಂಪರ್ಕ ಸಾಧಿಸುತ್ತದೆ. 802.1ಎಕ್ಸ್ ನಿಯಮದಂತೆ ಆಗ ಗುರುತಿನ ಮಾಹಿತಿಗಷ್ಟೇ ಪ್ರವೇಶ. ಉಳಿದೆಲ್ಲಕ್ಕೂ ಬಾಗಿಲು ಮುಚ್ಚಿರುತ್ತದೆ. ಆಕ್ಸೆಸ್ ಪಾಯಿಂಟ್ ಈ ಮಾಹಿತಿಯನ್ನು ದೃಢೀಕರಣ ಸರ್ವರ್‌ಗೆ ತಲುಪಿಸುತ್ತದೆ. ಸರ್ವರ್ ಒಪ್ಪಿದರೆ ಸಾಧನ ಮತ್ತು ಆಕ್ಸೆಸ್ ಪಾಯಿಂಟ್ ಎರಡರ ಬಳಿಯೂ ಒಂದೇ ಮೂಲ ಕೀಲಿ ಇರುತ್ತದೆ. ಬಳಿಕ ನಾಲ್ಕು ಸಂದೇಶಗಳ ವಿನಿಮಯದಿಂದ ಗೂಢಲಿಪೀಕರಣದ ಕೀಲಿಗಳು ರೂಪುಗೊಂಡು ಬಾಗಿಲು ತೆರೆಯುತ್ತದೆ.

ವೈ-ಫೈ ಫೋನಿನಲ್ಲಿ ಮಾತನಾಡುತ್ತಾ ವೈದ್ಯರೊಬ್ಬರು ಒಂದು ವಾರ್ಡಿನಿಂದ ಇನ್ನೊಂದಕ್ಕೆ ನಡೆದರೆ ಈ ಕ್ರಮವೆಲ್ಲ ಮತ್ತೆ ಮೊದಲಿನಿಂದ ನಡೆಯಬೇಕಾಗಬಹುದು. ಸರ್ವರ್ ದೂರದಲ್ಲಿದ್ದರೆ ಮಾತು ನಡುವೆಯೇ ತುಂಡಾಗುತ್ತದೆ.

ಪೂರ್ವ ದೃಢೀಕರಣ

ಇದಕ್ಕೆ ಪರಿಹಾರವಾಗಿ 2004ರ 802.11ಐ ಮಾನಕವು ಪೂರ್ವ ದೃಢೀಕರಣವನ್ನು ಐಚ್ಛಿಕ ಸೌಲಭ್ಯವಾಗಿ ಸೇರಿಸಿತು. ಸಾಧನವು ಹಳೆಯ ಆಕ್ಸೆಸ್ ಪಾಯಿಂಟ್‌ನ ಸಂಪರ್ಕದಲ್ಲಿರುವಾಗಲೇ, ಅದರ ಹಿಂದಿನ ಸ್ಥಳೀಯ ಜಾಲದ ಮೂಲಕ ನೆರೆಯ ಆಕ್ಸೆಸ್ ಪಾಯಿಂಟ್‌ಗೆ ಗುರುತಿನ ಮಾಹಿತಿ ಕಳುಹಿಸುತ್ತದೆ. ಸರ್ವರ್ ಪರೀಕ್ಷೆ ಪೂರ್ಣವಾಗಿಯೇ ನಡೆಯುತ್ತದೆ. ಮೂಲ ಕೀಲಿಯನ್ನು ಎರಡೂ ಕಡೆ ಕಾದಿರಿಸಲಾಗುತ್ತದೆ. ಸಾಧನವು ಅಲ್ಲಿಗೆ ಬಂದಾಗ ಆ ಕೀಲಿಯ ಗುರುತನ್ನು ತಿಳಿಸಿ ಸಂಪರ್ಕ ಪಡೆದರೆ, ನಾಲ್ಕು ಸಂದೇಶಗಳ ವಿನಿಮಯವಷ್ಟೇ ಬಾಕಿ.

ಆದ್ದರಿಂದ ಪೂರ್ವ ದೃಢೀಕರಣವೇ ಪ್ರವೇಶವಲ್ಲ. ಸರ್ವರ್ ದಾಖಲೆಯಲ್ಲಿ ಯಶಸ್ಸು ಕಂಡರೂ ಸಾಧನವು ಆ ಆಕ್ಸೆಸ್ ಪಾಯಿಂಟ್‌ಗೆ ಎಂದೂ ಬಾರದೇ ಇರಬಹುದು. ಕೀಲಿಯ ಅವಧಿ ಮುಗಿದಿದ್ದರೆ ಪೂರ್ಣ ಪರೀಕ್ಷೆ ಅನಿವಾರ್ಯ.

ಮಿತಿಗಳು

ಈ ಸಂದೇಶಗಳು ರೂಟರ್ ದಾಟುವುದಿಲ್ಲ. ಎರಡೂ ಆಕ್ಸೆಸ್ ಪಾಯಿಂಟ್‌ಗಳು ಒಂದೇ ಸ್ಥಳೀಯ ಜಾಲದಲ್ಲಿರಬೇಕು. ಪ್ರತಿ ನೆರೆಯ ಆಕ್ಸೆಸ್ ಪಾಯಿಂಟ್‌ಗೂ ಪ್ರತ್ಯೇಕ ಪರೀಕ್ಷೆ ನಡೆಯುವುದರಿಂದ ಸರ್ವರ್ ಮೇಲಿನ ಹೊರೆ ಹೆಚ್ಚುತ್ತದೆ. ಇದನ್ನು ತಗ್ಗಿಸಲು 2008ರ 802.11ಆರ್ ಬೇರೆ ಮಾರ್ಗ ಹಿಡಿಯಿತು: ಒಮ್ಮೆ ನಡೆದ ದೃಢೀಕರಣದಿಂದಲೇ ಇತರ ಆಕ್ಸೆಸ್ ಪಾಯಿಂಟ್‌ಗಳಿಗೂ ಕೀಲಿ ಪಡೆಯುವುದು. ಒಂದೇ ಪಾಸ್‌ವರ್ಡ್ ಹಂಚಿಕೊಳ್ಳುವ ಮನೆಯ ವೈ-ಫೈಯಲ್ಲಿ ಇಂಥ ಸರ್ವರ್ ಇಲ್ಲದ ಕಾರಣ ಪೂರ್ವ ದೃಢೀಕರಣದ ಅಗತ್ಯವಿಲ್ಲ.

ಕರ್ಬೆರೋಸ್ ವ್ಯವಸ್ಥೆಯಲ್ಲಿಯೂ ಇದೇ ಹೆಸರಿದೆ, ಅರ್ಥ ಬೇರೆ. ಮೊದಲ ಟಿಕೆಟ್ ಪಡೆಯುವ ಮುನ್ನ ಬಳಕೆದಾರನಿಗೆ ಪಾಸ್‌ವರ್ಡ್ ತಿಳಿದಿದೆಯೆಂದು ತೋರಿಸುವುದನ್ನು ಅಲ್ಲಿ ಹಾಗೆ ಕರೆಯುತ್ತಾರೆ.