ಬಳ್ಳಾರಿ ಜಾಲಿಯ ನಕ್ಷೆ: ಇಟಗಿ ಸೀಮೆಯಲ್ಲಿ ಒಂದು ಪರದೇಶಿ ಮರದ ಚರಿತ್ರೆ

ಬೇಸಿಗೆಯಲ್ಲಿ ಕುಕನೂರು, ಇಟಗಿ, ಯಲಬುರ್ಗಾ ಸೀಮೆಯ ಎರೆಹೊಲಗಳು ಬಿರುಕುಬಿಟ್ಟು ಬೋಳಾಗಿರುತ್ತವೆ. ಹಳ್ಳದ ದಂಡೆ, ಕೆರೆಯಂಗಳ, ರಸ್ತೆಬದಿಗಳಲ್ಲಿ ಮಾತ್ರ ಹಸಿರು ಉಳಿದಿರುತ್ತದೆ. ಆ ಹಸಿರಿನಲ್ಲಿ ದೊಡ್ಡ ಪಾಲು ಬಳ್ಳಾರಿ ಜಾಲಿಯದು. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಇಟಗಿಯ ದೇವಾಲಯವನ್ನು ಕಟ್ಟಿಸಿದಾಗ ಈ ಮರ ಭಾರತದ ನೆಲದಲ್ಲೇ ಇರಲಿಲ್ಲ. ಇದರ ತವರು ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು ಮತ್ತು ದಕ್ಷಿಣ ಅಮೆರಿಕದ ಉತ್ತರ ಭಾಗ.

ಭಾರತಕ್ಕೆ ಇದು ಬಂದ ದಾರಿ ಗೊತ್ತಿರುವುದೇ. 1876ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿ ರಿಚರ್ಡ್ ಹೆನ್ರಿ ಬೆಡ್ಡೋಮ್ ಇದರ ಬೀಜ ತರಿಸಬೇಕೆಂದು ಸರ್ಕಾರಕ್ಕೆ ಬರೆದ. ಮರುವರ್ಷ ಜಮೈಕಾದಿಂದ ಬೀಜ ಬಂದು, ಕಡಪ ಜಿಲ್ಲೆಯ ಕಮಲಾಪುರದಲ್ಲಿ ಸಸಿಗಳು ನೆಲಕ್ಕಿಳಿದವು. ಅದು ಧಾತು ಸಂವತ್ಸರದ ಬರ ದಕ್ಷಿಣವನ್ನು ಸುಡುತ್ತಿದ್ದ ಕಾಲ. ಬಳ್ಳಾರಿ ಜಿಲ್ಲೆಯಂತೂ ಅದರ ಹೊಡೆತಕ್ಕೆ ನಲುಗಿಹೋಗಿತ್ತು. ಒಣನೆಲದಲ್ಲೂ ಬೇಗ ಬೆಳೆದು ಸೌದೆ ಕೊಡುವ ಮರವನ್ನು ಹುಡುಕಿದವರನ್ನು ಇಂದು ದೂರುವುದು ನ್ಯಾಯವಲ್ಲ. ಅವರ ಕಣ್ಣಮುಂದೆ ಇದ್ದದ್ದು ಹಸಿವು ಮತ್ತು ಬೋಳು ನೆಲ.

ಕಡಪ ಮತ್ತು ಬಳ್ಳಾರಿ ಎರಡೂ 1800ರಲ್ಲಿ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ ಸೀಮೆಯವು. ತುಂಗಭದ್ರೆಯ ಈಚೆಗಿನ ಕೊಪ್ಪಳ, ಯಲಬುರ್ಗಾ ನಿಜಾಮನ ರಾಜ್ಯದಲ್ಲಿ ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದವು. ಹಾಗಾಗಿ ಮದ್ರಾಸಿನ ಅರಣ್ಯ ಇಲಾಖೆಯ ಕಾಗದಪತ್ರ ನದಿಯ ಆಚೆ ದಡಕ್ಕೇ ನಿಲ್ಲುತ್ತದೆ. ಈ ಮರದ ಚರಿತ್ರೆ ಬರೆಯುವವನಿಗೆ ಎದುರಾಗುವ ಮೊದಲ ತೊಡಕು ಇದೇ. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು, 1956ರಲ್ಲಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು, 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾಯಿತು. ಆಡಳಿತ ಬದಲಾದಂತೆಲ್ಲ ದಫ್ತರವೂ ಕೈ ಬದಲಾಯಿಸಿತು.

ಮರ ಮಾತ್ರ ಗಡಿಯನ್ನು ಲೆಕ್ಕಿಸಲಿಲ್ಲ. ಅದರ ಕಾಯಿ ಸಿಹಿ. ಮೇವು ಬತ್ತಿದ ಬೇಸಿಗೆಯಲ್ಲಿ ಕುರಿ, ಆಡು, ದನಗಳು ಅದನ್ನು ಆಸೆಯಿಂದ ತಿನ್ನುತ್ತವೆ. ಗಟ್ಟಿ ಸಿಪ್ಪೆಯ ಬೀಜ ಹೊಟ್ಟೆಯಲ್ಲಿ ಅರಗದೆ, ಹಿಕ್ಕೆ ಸಗಣಿಯೊಡನೆ ದೂರದ ಹೊಲಕ್ಕೋ ಹಳ್ಳಕ್ಕೋ ಬಿದ್ದು ಮೊಳೆಯುತ್ತದೆ. ಎಲೆಗೆ ಅವು ಬಾಯಿ ಹಾಕುವುದು ಅಪರೂಪ. ಆದ್ದರಿಂದ ಸಸಿ ಉಳಿಯುತ್ತದೆ. ಕಡಿದರೆ ಬುಡದಿಂದ ಹಲವು ಕವಲು ಒಡೆಯುತ್ತದೆ. ಕುರಿಹಿಂಡು ಊರಿಂದೂರಿಗೆ ನಡೆಯುವ ಈ ಸೀಮೆಯಲ್ಲಿ ಅರಣ್ಯ ಇಲಾಖೆಯ ನೆಡುತೋಪುಗಳಿಗಿಂತ ಕುರಿದಾರಿಗಳೇ ಮರವನ್ನು ಹೆಚ್ಚು ಹರಡಿರಬೇಕೆಂಬುದು ನನ್ನ ವಾದ. ಹೊಲದಲ್ಲಿ ರೈತ ವರ್ಷವರ್ಷವೂ ಹರಗಿ ಸಸಿಯನ್ನು ಕೀಳುತ್ತಾನೆ. ಗೋಮಾಳ, ಕೆರೆಯಂಗಳ, ಹಳ್ಳದ ಪಾತ್ರಗಳಲ್ಲಿ ಕೀಳುವವರಿಲ್ಲ. ಎಲ್ಲರದೂ ಆದ ನೆಲದಲ್ಲೇ ಜಾಲಿ ದಟ್ಟವಾಗಿರುವುದಕ್ಕೆ ಕಾರಣ ಇದು.

ಇದನ್ನು ನಕ್ಷೆಗಿಳಿಸುವುದು ಹೇಗೆ? ಕಡಲತೀರದಲ್ಲಿ ಇದೇ ಕೆಲಸ ಸ್ವಲ್ಪ ಸುಲಭ. ಹವಾಯಿಯಲ್ಲಿ ಮೂಲತಃ ಕಾಂಡ್ಲಾ (ಮ್ಯಾಂಗ್ರೋವ್) ಮರಗಳೇ ಇರಲಿಲ್ಲ. 1902ರಲ್ಲಿ ಸಕ್ಕರೆ ಕಂಪನಿಯೊಂದು ಹೊಲಗಳಿಂದ ಕೊಚ್ಚಿಬರುವ ಮಣ್ಣನ್ನು ತಡೆಯಲು ಮೊಲೊಕಾಯ್ ದ್ವೀಪದಲ್ಲಿ ಅಮೆರಿಕದ ಕೆಂಪು ಕಾಂಡ್ಲಾವನ್ನು ನೆಟ್ಟಿತು. ಅದು ಬೇರೆ ದ್ವೀಪಗಳಿಗೂ ಹಬ್ಬಿತು. ಬರೀ ಕೆಸರಿದ್ದ ತೀರದಲ್ಲಿ ಎದ್ದ ಹಸಿರು ಪಟ್ಟಿ ಮೇಲಿನಿಂದ ತೆಗೆದ ಚಿತ್ರದಲ್ಲಿ ನೇರವಾಗಿ ಕಾಣುತ್ತದೆ. ಒಳನಾಡಿನಲ್ಲಿ ಜಾಲಿ ಬೇವು, ಹೊಂಗೆ, ಕರಿಜಾಲಿಗಳ ನಡುವೆ ಬೆಳೆಯುತ್ತದೆ. ಗಂಗಾವತಿ ಕಡೆಯ ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಯಲ್ಲಂತೂ ಗದ್ದೆಯ ಹಸಿರು, ಮರದ ಹಸಿರು ಬೆರೆತುಹೋಗುತ್ತವೆ.

ಗುಜರಾತಿನ ಕಚ್ಛ ಒಂದು ಮಾದರಿ. ಅಲ್ಲಿನ ಬನ್ನಿ ಹುಲ್ಲುಗಾವಲಿನಲ್ಲಿ 1961ರ ಸುಮಾರಿಗೆ ಉಪ್ಪುನೆಲ ಮುಂದೊತ್ತುವುದನ್ನು ತಡೆಯಲೆಂದು 31 ಸಾವಿರ ಹೆಕ್ಟೇರಿಗೂ ಹೆಚ್ಚು ಜಾಗದಲ್ಲಿ ಈ ಮರವನ್ನು ಬೆಳೆಸಲಾಯಿತು. 1980ರಿಂದ 1992ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿದ ವಿಜ್ಞಾನಿಗಳಿಗೆ ಅದು ವರ್ಷಕ್ಕೆ ಸುಮಾರು 25 ಚದರ ಕಿಲೋಮೀಟರ್ ಹಬ್ಬುತ್ತಿರುವುದು ಕಂಡಿತು. ಯಲಬುರ್ಗಾ, ಕುಷ್ಟಗಿಯ ಮಳೆಯಾಶ್ರಿತ ನೆಲದಲ್ಲೂ ಅದೇ ಕ್ರಮ ಸಾಧ್ಯ. ಹಿಂಗಾರಿ ಜೋಳ, ಕಡಲೆ ಕೊಯ್ಲಾದ ಮೇಲೆ, ಮುಂಗಾರಿಗೆ ಮುನ್ನ ತೆಗೆದ ಚಿತ್ರವನ್ನು ಆರಿಸಬೇಕು. ಆಗಲೂ ಹಸಿರಾಗಿ ದಟ್ಟವಾಗಿರುವ ಪೊದೆಗಳನ್ನು ಗುರುತಿಸಿ, ಊರಿನವರೊಡನೆ ನಡೆದು ಮರವನ್ನು ಖಚಿತಪಡಿಸಿಕೊಳ್ಳಬೇಕು.

ಇಲ್ಲೊಂದು ನೋವಿನ ಸಂಗತಿಯಿದೆ. ವಿಜಯದಶಮಿಯಂದು ನಾವು ಪೂಜಿಸಿ, ಎಲೆ ಹಂಚಿ ಹಿರಿಯರ ಕಾಲಿಗೆರಗುವ ಬನ್ನಿ ಮರ ಇದೇ ಜಾಲಿಯ ದಾಯಾದಿ. ಸಸ್ಯಶಾಸ್ತ್ರಜ್ಞರು 2022ರಲ್ಲಿ ಬೇರ್ಪಡಿಸುವವರೆಗೂ ಎರಡಕ್ಕೂ ಒಂದೇ ಕುಲನಾಮವಿತ್ತು. ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚುಕ್ಕಿ ನೆಲದ ಮೇಲೆ 30 ಮೀಟರ್ ಚೌಕ. ಹೊಲದ ಬದುವಿನ ಒಂಟಿ ಬನ್ನಿ ಅದರಲ್ಲಿ ಕರಗಿಹೋಗುತ್ತದೆ, ಜಾಲಿಯ ಪೊದೆ ಎದ್ದು ಕಾಣುತ್ತದೆ. ಸೆಂಟಿನೆಲ್ ಉಪಗ್ರಹದ 10 ಮೀಟರ್ ಚುಕ್ಕಿಯಲ್ಲೂ ಬನ್ನಿಯನ್ನು ಹುಡುಕುವುದು ಕಷ್ಟವೇ. ಇದಕ್ಕಿಂತ ಗಂಭೀರವಾದುದು ಸರ್ಕಾರಿ ಲೆಕ್ಕ: ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ಜಾಗದಲ್ಲಿ ಮರಗಳ ನೆರಳು ಶೇ. 10ರಷ್ಟಿದ್ದರೆ ಭಾರತೀಯ ಅರಣ್ಯ ಸರ್ವೇಕ್ಷಣೆ ಅದನ್ನು ಅರಣ್ಯ ಹೊದಿಕೆಯೆಂದೇ ಎಣಿಸುತ್ತದೆ, ಮರ ಯಾವುದೆಂದು ಕೇಳುವುದಿಲ್ಲ. ಹುಲ್ಲು ಕಳೆದುಕೊಂಡ ಗೋಮಾಳ ಆ ಲೆಕ್ಕದಲ್ಲಿ ಕಾಡು ಬೆಳೆದ ಜಾಗವಾಗಿ ಸೇರಿಬಿಡಬಹುದು.

ನಕ್ಷೆಯಿಲ್ಲದೆ ಕೊಡಲಿ ಎತ್ತುವುದನ್ನೂ ನಾನು ಒಪ್ಪಲಾರೆ. ಇಂದು ಬಡವರ ಒಲೆಗೆ ಸೌದೆ ಒದಗಿಸುವುದು, ಇದ್ದಿಲು ಸುಡುವವರ ಕೂಲಿ ನಡೆಸುವುದು ಇದೇ ಮರ. ಬರಗಾಲದಲ್ಲಿ ಇದರ ಕಾಯಿ ಮೇವೂ ಹೌದು. 2017ರಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠದ ಆದೇಶದಂತೆ ತಮಿಳುನಾಡಿನಲ್ಲಿ ಕೀಳುವ ಕೆಲಸ ಭರದಿಂದ ನಡೆದಾಗ ಇಂಥ ಪ್ರಶ್ನೆಗಳೇ ಎದ್ದವು. ಕೊಪ್ಪಳದಲ್ಲಿ 2019ರಲ್ಲಿ ಗವಿಮಠದ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಹಿರೇಹಳ್ಳಕ್ಕಿಳಿದು ಪಾತ್ರವನ್ನು ಸ್ವಚ್ಛಗೊಳಿಸಿದರು. ಜಾಲಿಯ ಎಣಿಕೆ ಅಂಥ ಹಳ್ಳಗಳಿಂದಲೇ ಶುರುವಾಗಬೇಕು: ಊರಿನ ಹಳೆಯ ಗ್ರಾಮನಕ್ಷೆಯಲ್ಲಿ ಕೆರೆಯಂಗಳ ಎಲ್ಲಿಯವರೆಗಿತ್ತು, ಹಳ್ಳದ ಅಗಲ ಎಷ್ಟಿತ್ತು ಎಂದು ಗುರುತುಮಾಡಿಕೊಂಡು, ಅದರ ಮೇಲೆ ಇಂದಿನ ಉಪಗ್ರಹ ಚಿತ್ರವನ್ನು ಹೊಂದಿಸಿ, ನೀರು ನಿಲ್ಲಬೇಕಾದ ಯಾವ ಜಾಗದಲ್ಲಿ ಮರ ನಿಂತಿದೆ ಎಂದು ಸರ್ವೆ ನಂಬರುವಾರು ಬರೆದಿಡಬೇಕು.